ಚೋಕ್ ಎಳೆಯುವ ಮುನ್ನ

ಕರಾವಳಿಯಲ್ಲಿ ಟ್ಯೂನ್ ಮಾಡಿಸಿದ ಹಳೆಯ ಪದ್ಮಿನಿ ಕಾರು ಸಂಪಾಜೆ ಘಾಟಿ ಹತ್ತಿ ಮಡಿಕೇರಿ ಸೇರುವಷ್ಟರಲ್ಲಿ ಸ್ವಭಾವ ಬದಲಿಸಿರುತ್ತದೆ. ಮಂಗಳೂರಿನಲ್ಲಿ ಹದವಾಗಿ ಓಡುತ್ತಿದ್ದ ಎಂಜಿನ್ ಇಲ್ಲಿ ನಿಂತಲ್ಲಿ ಸ್ಲೋ ಹಿಡಿಯುವುದಿಲ್ಲ, ಬಾನೆಟ್ ಎತ್ತಿದರೆ ಪೆಟ್ರೋಲ್ ವಾಸನೆ, ಸೈಲೆನ್ಸರ್ ಬಾಯಿಯಲ್ಲಿ ಮಸಿ. ಮರುದಿನ ಗ್ಯಾರೇಜಿಗೆ ಹೋದರೆ ಮೊದಲು ಬರುವ ಮಾತು ‘ಕಾರ್ಬುರೇಟರ್ ಬಿಚ್ಚಬೇಕು’ ಎಂಬುದು. ಬಿಚ್ಚಿ ತೊಳೆದು ಮತ್ತೆ ಕೂರಿಸಿದರೂ ಕಾರು ಹಾಗೇ ಇರುತ್ತದೆ. ಕಾರ್ಬುರೇಟರಿನಲ್ಲಿ ಏನೂ ಕೆಟ್ಟಿಲ್ಲ. ಅದು ಉಸಿರಾಡುವ ಗಾಳಿ ಬದಲಾಗಿದೆ, ಅಷ್ಟೆ.

ಮಡಿಕೇರಿ ಇರುವುದು ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿಯ ಸಾಂದ್ರತೆ ಕರಾವಳಿಗಿಂತ ಹತ್ತರಲ್ಲಿ ಒಂದು ಪಾಲಿನಷ್ಟು ಕಡಿಮೆ. ಕಾರ್ಬುರೇಟರಿನ ಒಳಗೆ ಇಕ್ಕಟ್ಟಾದ ಒಂದು ಕೊರಳಿದೆ. ಎಂಜಿನ್ ಎಳೆದುಕೊಳ್ಳುವ ಗಾಳಿ ಅಲ್ಲಿ ಹಾಯುವಾಗ ಅದರ ವೇಗ ಏರಿ ಒತ್ತಡ ಇಳಿಯುತ್ತದೆ. ಇಟಲಿಯ ವಿಜ್ಞಾನಿ ವೆಂಚುರಿ 1797ರಲ್ಲೇ ಬರೆದಿಟ್ಟ ತತ್ವವಿದು. ಆ ಇಳಿದ ಒತ್ತಡವೇ ಪಕ್ಕದ ಫ್ಲೋಟ್ ಚೇಂಬರಿನಿಂದ ಪೆಟ್ರೋಲನ್ನು ಜೆಟ್ಟಿನ ತೂತಿನ ಮೂಲಕ ಮೇಲೆಳೆಯುತ್ತದೆ. ಇಡೀ ಯಂತ್ರದ ಲೆಕ್ಕಾಚಾರ ಇರುವುದು ಈ ಎಳೆತದಲ್ಲಿ. ಗಾಳಿ ತೆಳುವಾದಾಗ ಪೆಟ್ರೋಲ್ ಕೂಡ ಕಡಿಮೆಯಾಗಬೇಕು. ಆಗುತ್ತದೆ, ಆದರೆ ಅದೇ ಪ್ರಮಾಣದಲ್ಲಲ್ಲ. ಲೆಕ್ಕ ಹಾಕಿದರೆ ಮಡಿಕೇರಿಯ ಎತ್ತರದಲ್ಲಿ ಗಾಳಿ-ಪೆಟ್ರೋಲಿನ ಮಿಶ್ರಣ, ಅಂದರೆ ಮಿಕ್ಸ್ಚರ್, ಸುಮಾರು ಶೇಕಡಾ 6ರಷ್ಟು ರಿಚ್ ಆಗುತ್ತದೆ, ಎಂದರೆ ಗಾಳಿಯ ಲೆಕ್ಕಕ್ಕೆ ಪೆಟ್ರೋಲ್ ಹೆಚ್ಚಾಗುತ್ತದೆ. ಚೆನ್ನಾಗಿರುವ ಎಂಜಿನ್ ಇದನ್ನು ತಡೆದುಕೊಳ್ಳುತ್ತದೆ. ಮೊದಲೇ ಸ್ವಲ್ಪ ರಿಚ್ ಇದ್ದ ಎಂಜಿನ್ ಮಸಿ ಕಾರತೊಡಗುತ್ತದೆ.

ಈ ಲೆಕ್ಕಕ್ಕೆ ಈಗ ಇನ್ನೊಂದು ಸೇರಿಕೊಂಡಿದೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾದ ಇ20, ಅಂದರೆ ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲ್, ಇಂದು ಸಾಮಾನ್ಯ ಬಂಕುಗಳಲ್ಲಿ ಸಿಗುವ ಇಂಧನ. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಅದರ ತೂಕದ 14.7 ಪಟ್ಟು ಗಾಳಿ ಬೇಕು. ಎಥೆನಾಲಿಗೆ 9 ಪಟ್ಟು ಸಾಕು. ಎರಡೂ ಬೆರೆತಾಗ ಬೇಕಾಗುವುದು ಸುಮಾರು 13.5 ಪಟ್ಟು. ಹಳೆಯ ಜೆಟ್ಟು ಹಳೆಯ ಅಳತೆಯಲ್ಲೇ ಇಂಧನ ಬಿಡುವುದರಿಂದ ಮಿಕ್ಸ್ಚರ್ ಶೇಕಡಾ 7–8ರಷ್ಟು ಲೀನ್ ಆಗುತ್ತದೆ, ಎಂದರೆ ಗಾಳಿಯ ಲೆಕ್ಕಕ್ಕೆ ಇಂಧನ ಸಾಲದಾಗುತ್ತದೆ. ಹೀಗಾಗಿ ಕೊಡಗಿನಲ್ಲಿ ನಾನು ಬಹಳ ಮುಖ್ಯವೆಂದು ಭಾವಿಸುವ ಒಂದು ಸಂಗತಿ ನಡೆಯುತ್ತದೆ: ಎತ್ತರ ಮಿಕ್ಸ್ಚರನ್ನು ರಿಚ್ ಕಡೆಗೆ ತಳ್ಳುತ್ತದೆ, ಎಥೆನಾಲ್ ಲೀನ್ ಕಡೆಗೆ ಎಳೆಯುತ್ತದೆ, ಎರಡೂ ಬಹುಮಟ್ಟಿಗೆ ಒಂದನ್ನೊಂದು ಸರಿದೂಗಿಸುತ್ತವೆ. ಕಂಪನಿ ಕೊಟ್ಟ ಮೂಲ ಜೆಟ್ಟುಗಳನ್ನೇ ಉಳಿಸಿಕೊಂಡ ಹಳೆಯ ಕಾರು ಮಡಿಕೇರಿಯಲ್ಲಿ, ಸೋಮವಾರಪೇಟೆಯ ಗುಡ್ಡಗಳಲ್ಲಿ ಇವತ್ತಿಗೂ ಹೆಚ್ಚುಕಡಿಮೆ ಸರಿಯಾಗಿ ಓಡಬೇಕು. ಅದೇ ಕಾರು ಮಾಕುಟ್ಟ ಇಳಿದು ಕೇರಳದ ಕಡೆಗೋ ಸಂಪಾಜೆ ಇಳಿದು ಸುಳ್ಯದ ಕಡೆಗೋ ಹೋದಾಗ ಕಾರ್ಬುರೇಟರಿನಲ್ಲಿ ‘ಪಟ್’ ಎಂದು ಸದ್ದು ಮಾಡಿದರೆ, ಆಕ್ಸಿಲರೇಟರ್ ಕೊಟ್ಟಾಗ ಒಂದು ಕ್ಷಣ ತಡವರಿಸಿದರೆ, ಅದು ಲೀನ್ ಆಗಿದೆ ಎಂದರ್ಥ. ಅಲ್ಲಿ ಯಾರದೋ ಮಾತು ಕೇಳಿ ದೊಡ್ಡ ಜೆಟ್ಟು ಹಾಕಿಸಿಕೊಂಡವರು ಮಡಿಕೇರಿಗೆ ಮರಳಿದಾಗ ಮಸಿಯ ಸಮಸ್ಯೆಯನ್ನು ಹೊಸದಾಗಿ ಶುರುಮಾಡುತ್ತಾರೆ. ಕಾರು ಯಾವ ಊರಿನಲ್ಲಿ ಬದುಕುತ್ತದೋ ಅಲ್ಲೇ ಟ್ಯೂನಿಂಗ್ ಆಗಬೇಕು.

ಕೊಡಗಿನಲ್ಲಿ ಇಂಥ ಗಾಡಿಗಳು ಉಳಿದಿರುವುದಕ್ಕೆ ಕಾರಣವಿದೆ. ಈ ಜಿಲ್ಲೆಗೆ ಇವತ್ತಿಗೂ ರೈಲು ಬಂದಿಲ್ಲ. ತೋಟದಿಂದ ಪೇಟೆಗೆ, ಕುಲದ ಹಿರಿಮನೆಯಾದ ಐನ್‌ಮನೆಯಿಂದ ಆಸ್ಪತ್ರೆಗೆ, ಕಾಫಿ ಮೂಟೆಯಿಂದ ಮದುವೆ ದಿಬ್ಬಣದವರೆಗೆ ಎಲ್ಲಕ್ಕೂ ಮೋಟಾರೇ ಗತಿ. ಮಹೀಂದ್ರ ಕಂಪನಿ 1940ರ ದಶಕದ ಕೊನೆಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲು ಶುರುಮಾಡಿದ ಮೇಲೆ ತೋಟದ ದಾರಿಗಳಿಗೆ ಹೇಳಿಮಾಡಿಸಿದ ವಾಹನ ಸಿಕ್ಕಿತು. ಅಂಬಾಸಿಡರ್ 1950ರ ದಶಕದ ಕೊನೆಗೆ ಬಂತು, 2014ರವರೆಗೆ ತಯಾರಾಯಿತು. ಫಿಯೆಟ್ 1100 ಮುಂದೆ ಪ್ರೀಮಿಯರ್ ಪದ್ಮಿನಿಯಾಯಿತು. ಈ ಪೀಳಿಗೆಯ ಪೆಟ್ರೋಲ್ ಗಾಡಿಗಳಿಗೆಲ್ಲ ಕಾರ್ಬುರೇಟರೇ ಜೀವಾಳ. ಕಾರುಗಳಲ್ಲಿ 2000ದ ಸುಮಾರಿಗೆ ಹೊಗೆಯ ನಿಯಮಗಳು ಬಿಗಿಯಾಗಿ ಫ್ಯುಯೆಲ್ ಇಂಜೆಕ್ಷನ್ ಬಂತು. 2020ರ ಏಪ್ರಿಲ್‌ನಲ್ಲಿ ಬಿಎಸ್6 ಜಾರಿಯಾದಾಗ ಹೊಸ ಬೈಕುಗಳಿಂದಲೂ ಕಾರ್ಬುರೇಟರ್ ಬಹುಮಟ್ಟಿಗೆ ಹೊರಟುಹೋಯಿತು. ಈಗ ಕೆಲಸ ಕಲಿಯುವ ಹುಡುಗ ಸ್ಕ್ಯಾನರ್ ಸಿಕ್ಕಿಸಿ ದೋಷ ಓದುತ್ತಾನೆ. ಅದು ಒಳ್ಳೆಯ ವಿದ್ಯೆಯೇ. ಆದರೆ ಕಾರ್ಬುರೇಟರಿಗೆ ಸ್ಕ್ಯಾನರ್ ಸಿಕ್ಕಿಸುವ ಜಾಗವಿಲ್ಲ. ದೋಷ ಯಾವಾಗ ಕಾಣಿಸಿಕೊಂಡಿತು, ಎಲ್ಲಿ ಕಾಣಿಸಿಕೊಂಡಿತು ಎಂದು ಕೇಳಿಯೇ ಅದನ್ನು ಹಿಡಿಯಬೇಕು.

ಮೊದಲ ಪ್ರಶ್ನೆ ಕಾರ್ಬುರೇಟರಿನದೇ ಅಲ್ಲ. ಜುಲೈ ತಿಂಗಳ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗುವುದಿಲ್ಲ, ಮಧ್ಯಾಹ್ನ ಸ್ವಲ್ಪ ಬಿಸಿಲು ಬಿದ್ದ ಮೇಲೆ ಆಗುತ್ತದೆ ಎಂದರೆ ಎಲ್ಲರೂ ಚೋಕಿನ ಮೇಲೆ ಅನುಮಾನಪಡುತ್ತಾರೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ ನಿಜವಾದ ಅಪರಾಧಿ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗಿನ ತೇವವಾಗಿರುವುದೇ ಹೆಚ್ಚು. ಇದನ್ನು ತೀರ್ಮಾನಿಸಲು ಐದು ನಿಮಿಷ ಸಾಕು. ಚೋಕ್ ಎಳೆದು ಕೆಲವು ಸೆಕೆಂಡು ಸೆಲ್ಫ್ ಹೊಡೆದು, ಒಂದು ಪ್ಲಗ್ ಬಿಚ್ಚಿ ನೋಡಿ. ಪ್ಲಗ್ ಪೆಟ್ರೋಲಿನಲ್ಲಿ ಒದ್ದೆಯಾಗಿದ್ದರೆ ಕಾರ್ಬುರೇಟರ್ ತನ್ನ ಕೆಲಸ ಮಾಡಿದೆ, ಕಿಡಿ ಬಂದಿಲ್ಲ. ಮುಚ್ಚಳ ಒರೆಸಿ, ಒಳಗೆ ಕೂದಲಿನಷ್ಟು ಸಣ್ಣ ಕಪ್ಪು ಗೆರೆ ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ಪಾಯಿಂಟ್ ಅಂತರ ಅಳೆಯಿರಿ. ಈ ಗಾಡಿಗಳಲ್ಲಿ ಅದು ಸಾಮಾನ್ಯವಾಗಿ 0.4ರಿಂದ 0.5 ಮಿಲಿಮೀಟರ್. ಪ್ಲಗ್ ಒಣಗಿದ್ದರೆ ಮಾತ್ರ ಪೆಟ್ರೋಲಿನ ದಾರಿ ಹುಡುಕಬೇಕು. ಈ ಒಂದು ಪರೀಕ್ಷೆ ಮಾಡದೆ ಕಾರ್ಬುರೇಟರಿಗೆ ಸ್ಪ್ಯಾನರ್ ಹಾಕುವುದು ತಪ್ಪು. ಸರಿಯಾಗಿದ್ದ ಹೊಂದಾಣಿಕೆಯೂ ಕೆಟ್ಟು, ಒಂದು ದೋಷದ ಜಾಗದಲ್ಲಿ ಎರಡಾಗುತ್ತವೆ.

ಓಡಿದ ಎಂಜಿನ್ನಿನ ಪ್ಲಗ್ಗಿನಲ್ಲೂ ಮಾಹಿತಿ ಇದೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಸುರಕ್ಷಿತವಾದ ನೇರ ಏರಿನಲ್ಲಿ ಭಾರ ಎಳೆಯುತ್ತಿರುವಾಗಲೇ ಕ್ಲಚ್ ಒತ್ತಿ ಇಗ್ನಿಷನ್ ಆಫ್ ಮಾಡಿ, ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ ಪ್ಲಗ್ ತೆಗೆಯಬೇಕು. ನಿಂತಲ್ಲೇ ಹತ್ತು ನಿಮಿಷ ಸ್ಲೋದಲ್ಲಿ ಬಿಟ್ಟು ತೆಗೆದ ಪ್ಲಗ್ ನಿಜ ಹೇಳುವುದಿಲ್ಲ. ಪಿಂಗಾಣಿ ಮೂತಿ ಹದವಾಗಿ ಹುರಿದ ಕಾಫಿ ಬೀಜದ ತಿಳಿಗಂದು ಬಣ್ಣದಲ್ಲಿದ್ದರೆ ಮಿಕ್ಸ್ಚರ್ ಸರಿ ಇದೆ. ಒಣ ಮಸಿ ಎಂದರೆ ರಿಚ್. ಸುಣ್ಣದ ಬಿಳುಪು ಎಂದರೆ ಲೀನ್. ಜಿಡ್ಡುಜಿಡ್ಡಾದ ಕಪ್ಪು ಎಂದರೆ ಎಂಜಿನ್ ಆಯಿಲ್ ಮೇಲೆ ಬರುತ್ತಿದೆ. ಅದಕ್ಕೆ ಕಾರ್ಬುರೇಟರ್ ಹೊಣೆಯಲ್ಲ.

ಇನ್ನು ಚೋಕಿನ ವಿಷಯ. ಡ್ಯಾಶ್‌ಬೋರ್ಡಿನಲ್ಲಿ ಎಳೆಯುವ ಗುಂಡಿ ಎಲ್ಲ ಗಾಡಿಗಳಲ್ಲೂ ಒಂದೇ ತರಹ ಕಾಣುತ್ತದೆ. ಆದರೆ ಕೇಬಲಿನ ಇನ್ನೊಂದು ತುದಿಯಲ್ಲಿ ನಡೆಯುವುದು ಪೂರ್ತಿ ಬೇರೆ ಬೇರೆ. ಇದನ್ನು ಅರಿಯದೆ ಒಂದು ಗಾಡಿಯ ಅಭ್ಯಾಸವನ್ನು ಇನ್ನೊಂದಕ್ಕೆ ತಂದವರೇ ಹೆಚ್ಚು ಪಾಡುಪಟ್ಟಿದ್ದಾರೆ. ಡಿಸೆಂಬರ್ ಬೆಳಗಿನ 12 ಡಿಗ್ರಿ ಚಳಿಯಲ್ಲಿ ಪೆಟ್ರೋಲಿನ ಸ್ವಲ್ಪ ಭಾಗ ಮಾತ್ರ ಆವಿಯಾಗುತ್ತದೆ. ಉಳಿದದ್ದು ಹನಿಯಾಗಿ ಮ್ಯಾನಿಫೋಲ್ಡ್ ಗೋಡೆಗೆ ಅಂಟಿಕೊಳ್ಳುತ್ತದೆ. ಉರಿಯುವಷ್ಟು ಆವಿ ಸಿಗಬೇಕಾದರೆ ಪೆಟ್ರೋಲನ್ನು ಹಲವು ಪಟ್ಟು ಹೆಚ್ಚು ಕೊಡಬೇಕು. ಆ ಹೆಚ್ಚುವರಿ ಪೆಟ್ರೋಲ್ ಕೊಡುವ ದಾರಿಗಳು ಮೂರು.

ವಿಲ್ಲಿಸ್ ಜೀಪಿನ ಕಾರ್ಟರ್ ಕಾರ್ಬುರೇಟರಿನಲ್ಲಿ ಬಾಯಿಯ ಮೇಲೆಯೇ ಒಂದು ತಗಡಿನ ಬಾಗಿಲಿದೆ. ಗುಂಡಿ ಎಳೆದಾಗ ಅದು ಮುಚ್ಚಿಕೊಳ್ಳುತ್ತದೆ, ಗಾಳಿ ಕಡಿಮೆಯಾಗಿ ಎಳೆತವೆಲ್ಲ ಪೆಟ್ರೋಲಿನ ಮೇಲೆ ಬೀಳುತ್ತದೆ. ಇಲ್ಲಿ ಸೆಲ್ಫ್ ಹೊಡೆಯುವ ಮುಂಚೆ ಆಕ್ಸಿಲರೇಟರನ್ನು ಒಂದೆರಡು ಸಲ ತುಳಿದರೆ ಸಹಾಯವಾಗುತ್ತದೆ, ಏಕೆಂದರೆ ಒಳಗಿನ ಪುಟ್ಟ ಪಂಪ್ ಪೆಟ್ರೋಲ್ ಚಿಮ್ಮಿಸುತ್ತದೆ. ಪರೀಕ್ಷೆ ಸುಲಭ. ಏರ್ ಕ್ಲೀನರ್ ತೆಗೆದು ಇನ್ನೊಬ್ಬರಿಂದ ಗುಂಡಿ ಎಳೆಸಿ. ಬಾಗಿಲು ಪೂರ್ತಿ ಮುಚ್ಚುತ್ತದೆಯೇ, ಒಳಗೆ ತಳ್ಳಿದಾಗ ಪೂರ್ತಿ ನೆಟ್ಟಗೆ ನಿಲ್ಲುತ್ತದೆಯೇ ಎಂದು ಕಣ್ಣಾರೆ ನೋಡಿ. ಕೇಬಲ್ ಸಡಿಲವಾದರೆ ಗುಂಡಿ ಪೂರ್ತಿ ಹೊರಬಂದರೂ ಬಾಗಿಲು ಅರ್ಧಕ್ಕೇ ನಿಂತಿರುತ್ತದೆ. ಮಳೆಗಾಲದಲ್ಲಿ ಕೇಬಲ್ ತುಕ್ಕು ಹಿಡಿದರೆ ಉಲ್ಟಾ ಆಗುತ್ತದೆ. ಗುಂಡಿ ಒಳಗೆ ಹೋದರೂ ಬಾಗಿಲು ಅರೆಮುಚ್ಚಿಯೇ ಇರುತ್ತದೆ, ಗಾಡಿ ದಿನವಿಡೀ ಕರಿ ಹೊಗೆ ಬಿಡುತ್ತದೆ.

ಸೋಲೆಕ್ಸ್ ಕಂಪನಿಯ ಹಳೆಯ ಹಲವು ಮಾದರಿಗಳಲ್ಲಿ ಆ ಬಾಗಿಲೇ ಇಲ್ಲ. ಬಾಯಿಯೊಳಗೆ ಇಣುಕಿ ನೋಡಿದಾಗ ತಗಡು ಕಾಣದಿದ್ದರೆ ಅದು ಈ ಬಗೆ. ಅಲ್ಲಿ ಪಕ್ಕದಲ್ಲೊಂದು ಪುಟ್ಟ ಪ್ರತ್ಯೇಕ ಕಾರ್ಬುರೇಟರೇ ಇರುತ್ತದೆ. ಗುಂಡಿ ಎಳೆದಾಗ ತೂತುಗಳಿರುವ ಒಂದು ಬಿಲ್ಲೆ ತಿರುಗಿ, ಗಾಳಿ ಮತ್ತು ಪೆಟ್ರೋಲ್ ಎರಡೂ ಬೇರೆ ಕಾಲುವೆಯಿಂದ, ಆಕ್ಸಿಲರೇಟರ್ ತೆರೆಯುವ ಥ್ರಾಟಲಿನ ಕೆಳಗೆ ಹೋಗುತ್ತವೆ. ಈ ಕಾಲುವೆ ಕೆಲಸ ಮಾಡಬೇಕಾದರೆ ಥ್ರಾಟಲ್ ಮುಚ್ಚಿರಬೇಕು, ಆಗ ಮಾತ್ರ ಕೆಳಗಿನ ಎಳೆತ ಅದಕ್ಕೆ ಸಿಗುತ್ತದೆ. ಆದ್ದರಿಂದ ಸ್ಟಾರ್ಟ್ ಮಾಡುವಾಗ ಆಕ್ಸಿಲರೇಟರ್ ಮೇಲೆ ಕಾಲಿಡಲೇಬಾರದು. ಜೀಪಿನಲ್ಲಿ ಕಲಿತವರು ಇಂಥ ಕಾರಿನಲ್ಲಿ ಕೂತು, ಗುಂಡಿಯನ್ನೂ ಎಳೆದು ಕಾಲನ್ನೂ ಒತ್ತಿ, ಬ್ಯಾಟರಿ ಬರಿದಾಗುವ ತನಕ ಸೆಲ್ಫ್ ಹೊಡೆಯುತ್ತಾರೆ. ಕಾಲು ತೆಗೆದರೆ ಗಾಡಿ ಎದ್ದು ಬರುತ್ತದೆ. ಹಾಗೂ ಬರದಿದ್ದರೆ ಆ ಪುಟ್ಟ ಸ್ಟಾರ್ಟರಿನ ಜೆಟ್ಟು ಕಟ್ಟಿಕೊಂಡಿರಬೇಕು. ವರ್ಷದಲ್ಲಿ ಕೆಲವೇ ನಿಮಿಷ ಬಳಕೆಯಾಗುವ ದಾರಿಯಾದ್ದರಿಂದ ಕಸ ನಿಲ್ಲುವುದೂ ಅಲ್ಲೇ.

ಹಳೆಯ ಅಂಬಾಸಿಡರುಗಳಲ್ಲಿ ಬಂದ ಎಸ್‌ಯು ಕಾರ್ಬುರೇಟರ್ ಮೂರನೆಯ ಬಗೆ. ಇಂಗ್ಲೆಂಡಿನ ಸ್ಕಿನ್ನರ್ ಸೋದರರ ಈ ವಿನ್ಯಾಸ ಹುಟ್ಟಿದ್ದು ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ. ನನ್ನ ಮಟ್ಟಿಗೆ ಕಾರ್ಬುರೇಟರುಗಳಲ್ಲೇ ಅತ್ಯಂತ ಸುಂದರವಾದದ್ದು ಇದು. ಗಾಳಿಯ ಎಳೆತಕ್ಕೆ ತಕ್ಕಂತೆ ಒಂದು ಪಿಸ್ಟನ್ ತಾನಾಗಿ ಏರಿಳಿಯುತ್ತದೆ, ಅದಕ್ಕೆ ಅಂಟಿದ ಮೊನಚು ಸೂಜಿ ಜೆಟ್ಟಿನ ತೂತನ್ನು ಹಿಗ್ಗಿಸುತ್ತ ಕುಗ್ಗಿಸುತ್ತ ಹೋಗುತ್ತದೆ. ಚೋಕ್ ಎಳೆದಾಗ ಜೆಟ್ಟೇ ಕೆಳಗಿಳಿಯುತ್ತದೆ, ಸೂಜಿಯ ಸುತ್ತ ಜಾಗ ಹೆಚ್ಚಿ ಪೆಟ್ರೋಲ್ ಹೆಚ್ಚು ಬರುತ್ತದೆ. ಗುಂಡಿ ಒಳಗೆ ತಳ್ಳಿದ ಮೇಲೂ ಜೆಟ್ ಪೂರ್ತಿ ಮೇಲೆ ಬರದೆ ಸಿಕ್ಕಿಕೊಳ್ಳುವುದು ಇದರ ಮಾಮೂಲಿ ಕಾಯಿಲೆ. ಕೆಳಗಿನಿಂದ ಬೆರಳಲ್ಲಿ ಒತ್ತಿ ನೋಡಿದಾಗ ಜೆಟ್ ಇನ್ನೂ ಮೇಲೇರಿದರೆ ಮಸಿಯ ಮೂಲ ಸಿಕ್ಕಿತು. ಏರ್ ಕ್ಲೀನರ್ ತೆಗೆದು, ಎಂಜಿನ್ ಆಫ್ ಇದ್ದಾಗ ಪಿಸ್ಟನ್ನನ್ನು ಎತ್ತಿ ಬಿಟ್ಟರೆ ‘ಟಕ್’ ಎಂದು ಸದ್ದು ಮಾಡಿ ಬೀಳಬೇಕು. ಮೆತ್ತಗೆ ಅರ್ಧಕ್ಕೆ ನಿಂತರೆ ಒಳಗೆ ಕೊಳೆ ಇದೆ ಅಥವಾ ಜೆಟ್ ಮಧ್ಯಕ್ಕೆ ಕೂತಿಲ್ಲ. ಇನ್ನು ಮಿಕ್ಸ್ಚರ್ ಪರೀಕ್ಷೆ: ಎಂಜಿನ್ ಬಿಸಿಯಾಗಿ ಸ್ಲೋದಲ್ಲಿ ಓಡುವಾಗ ಪಕ್ಕದ ಪುಟ್ಟ ಪಿನ್ನಿನಿಂದ ಪಿಸ್ಟನ್ನನ್ನು ಒಂದು ಮಿಲಿಮೀಟರಿಗಿಂತ ಕಡಿಮೆ ಎತ್ತಬೇಕು. ವೇಗ ಏರಿ ಹಾಗೇ ಉಳಿದರೆ ರಿಚ್. ಎಂಜಿನ್ ಕುಸಿದು ನಿಲ್ಲುವಂತಾದರೆ ಲೀನ್. ಕ್ಷಣಕಾಲ ಸ್ವಲ್ಪ ಏರಿ ಮತ್ತೆ ಮೊದಲಿನಂತಾದರೆ ಸರಿ. ಯಾವ ಉಪಕರಣವೂ ಬೇಡ, ಕಿವಿ ಇದ್ದರೆ ಸಾಕು.

ಬೆಳಿಗ್ಗೆ ಚೆನ್ನಾಗಿ ಸ್ಟಾರ್ಟ್ ಆಗುತ್ತದೆ, ಚೋಕ್ ಒಳಗೆ ತಳ್ಳಿದ ತಕ್ಷಣ ಬಂದ್ ಆಗುತ್ತದೆ, ಎಂಜಿನ್ ಬಿಸಿಯಾದ ಮೇಲೂ ಅರ್ಧ ಚೋಕಿನಲ್ಲೇ ಓಡಿಸಬೇಕಾಗುತ್ತದೆ ಎಂಬುದು ಬಹಳ ಜನರ ದೂರು. ಚೋಕ್ ಇಲ್ಲಿ ಯಾವುದೋ ಕೊರತೆಯನ್ನು ಮುಚ್ಚಿಡುತ್ತಿದೆ. ಒಂದೋ ಸ್ಲೋ ಜೆಟ್ ಕಟ್ಟಿದೆ, ಇಲ್ಲವೋ ಎಲ್ಲಿಂದಲೋ ಕಳ್ಳಗಾಳಿ ಒಳಬರುತ್ತಿದೆ. ಕಾರ್ಬುರೇಟರ್ ಬುಡದ ಪ್ಯಾಕಿಂಗ್, ಮ್ಯಾನಿಫೋಲ್ಡ್ ಪ್ಯಾಕಿಂಗ್, ವ್ಯಾಕ್ಯೂಮ್ ಪೈಪು ಇವು ಶಂಕಿತರು. ಐವತ್ತು ಅರವತ್ತು ವರ್ಷ ತಿರುಗಿದ ಗಾಡಿಯಲ್ಲಿ ಥ್ರಾಟಲ್ ಸ್ಪಿಂಡಲ್ ತೂತೇ ಸವೆದು ಹಿಗ್ಗಿರುತ್ತದೆ. ಸ್ಪಿಂಡಲನ್ನು ಬೆರಳಲ್ಲಿ ಅಲ್ಲಾಡಿಸಿದರೆ ಗೊತ್ತಾಗುತ್ತದೆ. ಎಂಜಿನ್ ಸ್ಲೋದಲ್ಲಿದ್ದಾಗ ಸಿರಿಂಜಿನಲ್ಲಿ ಒಂದೆರಡು ಹನಿ ನೀರನ್ನು ಆ ಜಾಗಗಳಿಗೆ ಬಿಟ್ಟು ನೋಡಬಹುದು. ಎಂಜಿನ್ನಿನ ಸದ್ದು ಬದಲಾದ ಜಾಗವೇ ಸೋರಿಕೆಯ ಜಾಗ. ಪೆಟ್ರೋಲನ್ನೋ ಕ್ಲೀನರ್ ಸ್ಪ್ರೇಯನ್ನೋ ಬಿಸಿ ಎಂಜಿನ್ನಿಗೆ ಹೊಡೆದು ಇದೇ ಪರೀಕ್ಷೆ ಮಾಡುವವರಿದ್ದಾರೆ. ಒಂದು ಕಿಡಿಗೆ ಗಾಡಿಯೇ ಸುಟ್ಟುಹೋದೀತು, ಬೇಡ.

ಆಕ್ಸಿಲರೇಟರ್ ಕೊಟ್ಟ ಕೂಡಲೇ ಪಿಕಪ್ ಬಿದ್ದುಹೋಗಿ ಆಮೇಲೆ ಎದ್ದರೆ ಆಕ್ಸಿಲರೇಟರ್ ಪಂಪಿನ ಡಯಾಫ್ರಂ ಹರಿದಿರಬಹುದು. ಎಂಜಿನ್ ಆಫ್ ಮಾಡಿ ಬಾಯಿಯೊಳಗೆ ನೋಡುತ್ತ ಥ್ರಾಟಲ್ ತಿರುಗಿಸಿದರೆ ಪೆಟ್ರೋಲ್ ಒಂದು ನೇರ ಎಳೆಯಾಗಿ ಚಿಮ್ಮಬೇಕು. ಎಥೆನಾಲ್ ಬಂದ ಮೇಲೆ ಹಳೆಯ ರಬ್ಬರ್ ಡಯಾಫ್ರಂಗಳು ಉಬ್ಬಿ, ಬಿರುಸಾಗಿ, ಬೇಗ ಸೋಲುತ್ತಿವೆ. ಹೊಸ ಕಿಟ್ ಕೊಳ್ಳುವಾಗ ಎಥೆನಾಲ್ ತಡೆಯುವ ರಬ್ಬರ್ ಹೌದೇ ಎಂದು ಕೇಳಿ ಕೊಳ್ಳಬೇಕು. ಅಂಗಡಿಯಲ್ಲಿ ದಶಕಗಳಿಂದ ಕೂತ ಹಳೆಯ ಸ್ಟಾಕ್ ‘ಒರಿಜಿನಲ್’ ಆದರೂ ಪ್ರಯೋಜನವಿಲ್ಲ.

ನಿಂತಲ್ಲೇ ಪೆಟ್ರೋಲ್ ಓವರ್‌ಫ್ಲೋ ಆಗಿ ತೊಟ್ಟಿಕ್ಕುತ್ತಿದ್ದರೆ ಬೇರೆಲ್ಲ ಬಿಟ್ಟು ಎಂಜಿನ್ ನಿಲ್ಲಿಸಿ. ಬಿಸಿ ಎಕ್ಸಾಸ್ಟ್ ಅಲ್ಲೇ ಹತ್ತಿರದಲ್ಲಿರುತ್ತದೆ. ನೀಡಲ್ ವಾಲ್ವಿನಲ್ಲಿ ಕಸ ಕೂತಿರಬಹುದು, ಅಥವಾ ಹಿತ್ತಾಳೆಯ ಫ್ಲೋಟ್ ತೂತಾಗಿ ಒಳಗೆ ಪೆಟ್ರೋಲ್ ತುಂಬಿರಬಹುದು. ಫ್ಲೋಟ್ ತೆಗೆದು ಕಿವಿಯ ಬಳಿ ಅಲ್ಲಾಡಿಸಿದರೆ ಒಳಗಿನ ದ್ರವ ಕುಲುಕುತ್ತದೆ. ಬಿಸಿನೀರಿನಲ್ಲಿ ಮುಳುಗಿಸಿದರೆ ತೂತಿನಿಂದ ಗುಳ್ಳೆ ಏಳುತ್ತದೆ. ಫ್ಲೋಟಿನ ಮಟ್ಟ ಕೊಡಗಿನಲ್ಲಿ ಇನ್ನೊಂದು ಕಾರಣಕ್ಕೂ ಮುಖ್ಯ. ತೋಟದ ಕಡಿದಾದ ಏರಿನಲ್ಲಿ ಜೀಪು ವಾಲಿದಾಗ ಚೇಂಬರಿನೊಳಗಿನ ಪೆಟ್ರೋಲೂ ವಾಲುತ್ತದೆ. ಸಮತಟ್ಟಿನಲ್ಲಿ ಕಾಣದ ಒಂದೆರಡು ಮಿಲಿಮೀಟರ್ ವ್ಯತ್ಯಾಸ ಅಲ್ಲಿ ಜೆಟ್ಟನ್ನು ಬರಿದು ಮಾಡುತ್ತದೆ ಅಥವಾ ಉಕ್ಕಿಸುತ್ತದೆ. ಏರಿನಲ್ಲಿ ಮಾತ್ರ ಮಿಸ್ ಹೊಡೆಯುವ ಜೀಪಿಗೆ ಟ್ಯಾಂಕಿನ ಕಸ, ಫಿಲ್ಟರ್ ನೋಡಿದ ಮೇಲೆ ಫ್ಲೋಟ್ ಅಳತೆಯನ್ನೇ ನೋಡಬೇಕು.

ಮಳೆಗಾಲದ ಮಂಜಿನಲ್ಲಿ ಕಾಣಿಸುವ ಇನ್ನೊಂದು ದೋಷ ಮೆಕ್ಯಾನಿಕ್ ಕೈಗೆ ಸಿಗುವುದೇ ಇಲ್ಲ. ಸುಂಟಿಕೊಪ್ಪದಿಂದ ಮಡಿಕೇರಿ ಕಡೆಗೆ ಮಂಜಿನಲ್ಲಿ ಮೆಲ್ಲಗೆ ಹೋಗುತ್ತಿರುವಾಗ ಎಂಜಿನ್ನಿನ ಎಳೆತ ಕುಗ್ಗುತ್ತ, ಸ್ಲೋ ಬಿಡುತ್ತ, ಕೊನೆಗೆ ಬಂದ್ ಆಗುತ್ತದೆ. ಹತ್ತು ನಿಮಿಷ ಬಿಟ್ಟರೆ ಏನೂ ಆಗದಂತೆ ಸ್ಟಾರ್ಟ್ ಆಗುತ್ತದೆ. ಇದು ಕಾರ್ಬುರೇಟರಿನೊಳಗೆ ಹಿಮ ಕಟ್ಟುವ ಲಕ್ಷಣವಾಗಿರಬಹುದು. ಪೆಟ್ರೋಲ್ ಆವಿಯಾಗುವಾಗ ಸುತ್ತಲಿನ ಶಾಖ ಹೀರಿಕೊಂಡು ಕೊರಳಿನ ತಾಪವನ್ನು 20 ಡಿಗ್ರಿಯಷ್ಟು ಇಳಿಸಬಲ್ಲದು. ಹೊರಗೆ 17–18 ಡಿಗ್ರಿ, ಗಾಳಿ ತುಂಬ ತೇವ ಇದ್ದರೆ ಥ್ರಾಟಲ್ ಅಂಚಿನಲ್ಲಿ ಮಂಜುಗಡ್ಡೆ ಕೂರಲು ಅಷ್ಟು ಸಾಕು. ಹಳೆಯ ವಿಮಾನಗಳ ಪೈಲಟ್‌ಗಳಿಗೆ ಇದು ಚೆನ್ನಾಗಿ ಗೊತ್ತಿದ್ದ ಅಪಾಯ. ಎಥೆನಾಲ್ ಆವಿಯಾಗಲು ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಬೇಡುವುದರಿಂದ ಇ20ಯಲ್ಲಿ ತಣಿತ ಇನ್ನೂ ಹೆಚ್ಚು. ಹಿಮ ಕಟ್ಟದಿರಲೆಂದೇ ಹಲವು ಯುರೋಪಿಯನ್ ಕಾರುಗಳ ಏರ್ ಕ್ಲೀನರ್ ಮೂತಿಗೆ ಬೇಸಿಗೆ, ಚಳಿಗಾಲ ಎಂದು ಎರಡು ಸ್ಥಾನಗಳಿದ್ದವು. ಚಳಿಗಾಲದಲ್ಲಿ ಅದು ಎಕ್ಸಾಸ್ಟ್ ಪಕ್ಕದ ಬೆಚ್ಚಗಿನ ಗಾಳಿ ಹೀರುತ್ತಿತ್ತು. ‘ಎಂಜಿನ್ ತಂಪಾಗಿರಲಿ’ ಎಂದು ಆ ತಗಡು, ಆ ಪೈಪುಗಳನ್ನು ಕಿತ್ತೆಸೆದ ಗಾಡಿಗಳಲ್ಲೇ ಈ ಕಾಟ ಹೆಚ್ಚು. ಅವನ್ನು ಮತ್ತೆ ಹಾಕಿಸಬೇಕು.

ಏಪ್ರಿಲ್ ಬಿಸಿಲಿನಲ್ಲಿ ಸಂಪಾಜೆ ಏರಿನ ನಡುವೆ ನಿಲ್ಲುವ ಗಾಡಿಯದು ಇದರ ವಿರುದ್ಧದ ಕಥೆ. ಸೆಕೆಂಡ್ ಗೇರಿನಲ್ಲಿ ಬಹಳ ಹೊತ್ತು ಹತ್ತುವಾಗ ಬಾನೆಟ್ಟಿನಡಿ ಗಾಳಿಯಾಡದೆ ಪೈಪಿನಲ್ಲಿ, ಪಂಪಿನಲ್ಲಿ ಪೆಟ್ರೋಲ್ ಕುದಿದು ಆವಿಯಾಗುತ್ತದೆ. ಆವಿಯನ್ನು ಪಂಪ್ ತಳ್ಳಲಾರದು. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುವ ಹಳೆಯ ಡ್ರೈವರುಗಳ ಕ್ರಮ ಸರಿಯಾದದ್ದೇ. ಇಲ್ಲೂ ಕಾರ್ಬುರೇಟರ್ ನಿರಪರಾಧಿ.

ಕೊಡಗಿನ ಹಲವು ಹಳೆಯ ಕಾರುಗಳು ಜೂನಿನಲ್ಲಿ ಶೆಡ್ ಸೇರಿ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ, ಸೆಪ್ಟೆಂಬರಿನಲ್ಲಿ ಹೊರಬರುತ್ತವೆ. ದೋಷಗಳ ಬಹುಪಾಲು ಹುಟ್ಟುವುದು ಈ ಮೂರು ತಿಂಗಳಲ್ಲಿ. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಮಿತಿ ಮೀರಿದಾಗ ನೀರೂ ಎಥೆನಾಲೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಚೇಂಬರಿನ ತಳದಲ್ಲಿ ಕಾಣುವ ಬಿಳಿ ಪುಡಿ ಆ ಮಿಶ್ರಣ ಲೋಹವನ್ನು ತಿಂದ ಗುರುತು. ಶೆಡ್ಡಿನಲ್ಲಿ ಮಣ್ಣಿನ ಗೂಡು ಕಟ್ಟುವ ಕಡಜಗಳಿಗೆ ಫ್ಲೋಟ್ ಚೇಂಬರಿನ ಗಾಳಿತೂತು, ಟ್ಯಾಂಕಿನ ಗಾಳಿಪೈಪು ಇಷ್ಟದ ಜಾಗ. ಟ್ಯಾಂಕಿನ ಗಾಳಿತೂತು ಮುಚ್ಚಿದರೆ ಗಾಡಿ ಸ್ಟಾರ್ಟ್ ಆಗಿ ಸ್ವಲ್ಪ ದೂರ ಹೋಗಿ ನಿಲ್ಲುತ್ತದೆ. ಮುಚ್ಚಳ ತೆಗೆದಾಗ ‘ಸುಯ್’ ಎಂದು ಗಾಳಿ ಒಳಗೆ ಹೋದರೆ ಕಾರಣ ಸಿಕ್ಕಂತೆ.

ಆದ್ದರಿಂದ ಗಾಡಿಯನ್ನು ಮಳೆಗೆ ಮುಂಚೆ ನಿಲ್ಲಿಸುವಾಗ ಪೆಟ್ರೋಲ್ ಪೈಪ್ ಕಳಚಿ, ಅದರ ಬಾಯಿಗೆ ಬಿರಡೆ ಹಾಕಿ, ಕಾರ್ಬುರೇಟರಿನಲ್ಲಿ ಉಳಿದದ್ದು ಮುಗಿದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಬೇಕು. ಗಾಳಿತೂತುಗಳಿಗೆ ತೆಳುವಾದ ಬಟ್ಟೆ ಕಟ್ಟಿ, ಅದನ್ನು ಕಟ್ಟಿದ್ದೇವೆಂದು ಸ್ಟೀರಿಂಗ್ ಮೇಲೆ ಚೀಟಿ ಅಂಟಿಸಬೇಕು. ಹೊರತೆಗೆಯುವಾಗ ಪ್ಲಗ್ಗುಗಳನ್ನು ಬಿಚ್ಚಿ ಒರೆಸಿ, ಟ್ಯಾಂಕಿನ ತಳದ ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಿಡಿದು ಒಂದು ಗಂಟೆ ಇಟ್ಟು ನೋಡಬೇಕು. ಎರಡು ಪದರವಾಗಿ ನಿಂತರೆ ಟ್ಯಾಂಕ್ ಖಾಲಿ ಮಾಡಲೇಬೇಕು. ಪೆಟ್ರೋಲ್ ಚೆನ್ನಾಗಿದ್ದರೆ ಮೆಕ್ಯಾನಿಕಲ್ ಪಂಪಿನ ಕೈ ಲಿವರನ್ನು ಬಿಗಿಯಾಗುವವರೆಗೆ ಒತ್ತಿ ಚೇಂಬರ್ ತುಂಬಿಸಿ, ಕಾರ್ಬುರೇಟರ್ ಸುತ್ತ ಎಲ್ಲೂ ಒದ್ದೆಯಿಲ್ಲವೆಂದು ಕೈಯಾಡಿಸಿ ನೋಡಿಕೊಂಡ ಮೇಲೆ ಚೋಕ್ ಎಳೆಯಬಹುದು. ಮಿಕ್ಸ್ಚರ್ ಸ್ಕ್ರೂ ಮುಟ್ಟುವುದು ಅದಾದ ಮೇಲೆ, ಎಂಜಿನ್ ಪೂರ್ತಿ ಬಿಸಿಯಾಗಿ ಚೋಕ್ ಪೂರ್ತಿ ಒಳಗಿದ್ದಾಗ. ಈಗಿರುವ ಸ್ಥಾನದಿಂದ ಸ್ಕ್ರೂ ತಳ ಮುಟ್ಟಲು ಎಷ್ಟು ಸುತ್ತು ಬೇಕು ಎಂದು ಎಣಿಸಿ ಮೊದಲು ಒಂದು ಪುಸ್ತಕದಲ್ಲಿ ಬರೆದಿಡಿ. ತಳ ಮುಟ್ಟಿದ ಮೇಲೆ ಬಿಗಿ ಮಾಡಬೇಡಿ, ಸ್ಕ್ರೂವಿನ ಮೊನೆ ಮುರಿಯುತ್ತದೆ.